ಹಾರ ತೆಗೆದವರಿಗೆ ಒಂದು ಗ್ಲಾಸು

ನೇರಳೆ ಹಣ್ಣಿನ ವೈನಿನ ಜಾಡಿ ತೆರೆದರೆ ನನಗೆ ಸೇವಂತಿಗೆಯ ವಾಸನೆ ಬರುತ್ತದೆ. ಬರಬಾರದು, ಗೊತ್ತು. ಜಾಡಿಯೊಳಗೆ ಇರುವುದು ಹಣ್ಣು, ಸಕ್ಕರೆ, ಒಂದು ಹಿಡಿ ಗೋಧಿ, ಚಕ್ಕೆ, ಲವಂಗ. ಹೂವಿಗೆ ಅಲ್ಲಿ ಎಂತ ಕೆಲಸ? ಮೊನ್ನೆ ಈ ವರ್ಷದ ಜಾಡಿಯ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿದಾಗಲೂ ಬಂತು. ಅತ್ತಿಗೆಯನ್ನು ಕರೆದೆ. "ನೋಡಿ ಅತ್ತಿಗೆ, ಸೇವಂತಿಗೆ ವಾಸನೆ ಬರ್ತದಾ?" ಅವರು ಬಗ್ಗಿ ಮೂಸಿದರು. "ನಿನ್ನ ತಲೆ. ಹುಳಿ ವಾಸನೆ ಬರ್ತದೆ" ಎಂದು ಇಡ್ಲಿ ಹಿಟ್ಟಿಗೆ ಉಪ್ಪು ಹಾಕಲು ಹೋದರು. ಅವರಿಗೆ ಬರುವುದಿಲ್ಲ. ಎರಡು ವರ್ಷದ ಹಿಂದಿನ ಆ ಚಳಿಗಾಲದಿಂದ ನನಗೊಬ್ಬಳಿಗೇ ಹಿಡಿದುಕೊಂಡಿರುವ ಕಾಟ ಇದು.

ಕೊಪ್ಪದ ಬಸ್‌ಸ್ಟ್ಯಾಂಡಿನ ಪಕ್ಕದಲ್ಲಿ ನಮ್ಮದೊಂದು ಸಣ್ಣ ಕ್ಯಾಂಟೀನಿದೆ. ನಾನು ಮತ್ತು ಲಲಿತತ್ತಿಗೆ ನಡೆಸುತ್ತೇವೆ. ಅದರ ಒಳಗಿನ ಕೋಣೆಗಳೇ ನಮ್ಮ ಮನೆ. ಲಲಿತತ್ತಿಗೆ ನನ್ನ ಅಣ್ಣ ವಾಸುವಿನ ಹೆಂಡತಿ. ಅಣ್ಣ ಅದೇ ಬಸ್‌ಸ್ಟ್ಯಾಂಡಿನಲ್ಲಿ ಏಜೆಂಟನಾಗಿದ್ದ. ಬಸ್ಸಿನ ಬಾಗಿಲ ಹತ್ತಿರ ನಿಂತು "ಶೃಂಗೇರಿ ಶೃಂಗೇರಿ ಶೃಂಗೇರೀ..." ಎಂದು ಕೂಗಿದರೆ, ಶೃಂಗೇರಿಗೆ ಹೋಗಬೇಕೆಂದು ಅಂದುಕೊಳ್ಳದವರೂ ಹತ್ತಿ ಕೂತುಬಿಡುತ್ತಿದ್ದರು. ಹಾಸ್ಯದ ಮನುಷ್ಯ. ಒಂದೇ ಒಂದು ಚಾಳಿ ಅಮ್ಮನಿಗೆ ಆಗುತ್ತಿರಲಿಲ್ಲ. ಏನು ಕುಡಿದರೂ ಲೋಟವನ್ನು ಬೋರಲು ಹಾಕಿಡುವುದು. "ಸಾಕು ಅಂತ ಹೇಳೋಕೆ ಬಾಯಿಲ್ವನಾ ನಿಂಗೆ? ಕೊಳೆ ಲೋಟ ಬೋರಲು ಹಾಕ್ತಾನೆ, ಅನಿಷ್ಟ!" ಎಂದು ಅಮ್ಮ ಬೈದದ್ದು ಅವನ ಕಿವಿಗೆ ಹೋದದ್ದೇ ಇಲ್ಲ.

ಇಪ್ಪತ್ತು ವರ್ಷಕ್ಕೂ ಹಿಂದೆ, ಒಂದು ದಿನ ಬೆಳಿಗ್ಗೆ, "ಎನ್.ಆರ್. ಪುರಕ್ಕೆ ಹೋಗಿ ಬರ್ತೀನಿ" ಎಂದು ಹೊರಟವನು ಬರಲಿಲ್ಲ. ಜಗಳವಿಲ್ಲ, ಕಾಯಿಲೆಯಿಲ್ಲ, ಏನೂ ಇಲ್ಲ. ಭದ್ರೆಯ ಹಿನ್ನೀರಿನ ದಡದಲ್ಲಿ ಒಂದು ಜೊತೆ ಚಪ್ಪಲಿ ಸಿಕ್ಕಿತು. ಊರಿನವರೆಲ್ಲ ಅದು ಅವನದೇ ಎಂದರು. ನಾನೂ ಹಾಗೆಯೇ ಅಂದೆ. ಅತ್ತಿಗೆ ಚಪ್ಪಲಿಯನ್ನು ತಿರುಗಿಸಿ ನೋಡಿ, "ಅವ್ರದ್ದು ಎಡಗಾಲಿನ ಹಿಮ್ಮಡಿ ಸವೆದಿರ್ತದೆ. ಇದಲ್ಲ" ಎಂದರು. ಅಷ್ಟೇ. ನೀರಿನಲ್ಲಿ ಹುಡುಕಿದವರಿಗೆ ಏನೂ ಸಿಗಲಿಲ್ಲ.

ಅಂದಿನಿಂದ ನಮ್ಮ ಮನೆಯಲ್ಲಿ ಅಣ್ಣನ ಫೋಟೋಗೆ ಹಾರವಿಲ್ಲ. ನಮ್ಮ ಕಡೆ ಇದಕ್ಕೆ ಬೇರೆ ವಿವರಣೆ ಬೇಕಿಲ್ಲ. ಹಾರ ಹಾಕಿದರೆ ಹೋದವರು, ಹಾಕದಿದ್ದರೆ ಇರುವವರು. ಅತ್ತಿಗೆ ಕುಂಕುಮ ಅಳಿಸಲಿಲ್ಲ, ತಿಥಿ ಮಾಡಿಸಲಿಲ್ಲ. ಎನ್.ಆರ್. ಪುರದ ಕಡೇ ಬಸ್ಸು ಬಂದು ನಿಂತು, ಅದರಲ್ಲಿದ್ದವರೆಲ್ಲ ಇಳಿದು ಹೋಗುವ ತನಕ ಕ್ಯಾಂಟೀನಿನ ಬಾಗಿಲು ಹಾಕಲಿಲ್ಲ. ಯಾರಾದರೂ "ಇನ್ನೂ ಬರ್ತಾರಾ ಲಲಿತಮ್ಮ?" ಎಂದು ಕೇಳಿದರೆ, "ಊರಿಗೆ ಬಂದೋರು ನೀರಿಗೆ ಬರದೆ ಇರ್ತಾರಾ? ಬಂದ್ರೆ ಇಲ್ಲಿಗೇ ಬರ್ಬೇಕು" ಎನ್ನುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಸತ್ತವನಿಗೆ ಬಾಗಿಲು ತೆರೆದಿಟ್ಟುಕೊಂಡು ಕೂತರೆ ಚಳಿ ಬರುವುದು ಬದುಕಿರುವವರಿಗೆ. ಬಾಯಿ ಬಿಟ್ಟು ಹೇಳಿದ್ದೂ ಉಂಟು. "ನೀನು ಮಲಗು ಹೋಗು ಸುಮಿ" ಎನ್ನುತ್ತಿದ್ದರು, ಬಸ್ಸಿನ ಕಡೆಗೇ ನೋಡುತ್ತ.

ಹೀಗಿರುವಾಗ ನಮ್ಮ ಕ್ಯಾಂಟೀನಿನ ಹಿಂದಿದ್ದ ಹಳೇ ಬಸ್ ಶೆಡ್ಡು ಮ್ಯೂಸಿಯಂ ಆಯಿತು. ಮಾಡಿದವಳು ನಂದಿನಿ. ಅವಳ ಅಪ್ಪ ಕೊಪ್ಪದಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದರು. ಅವರು ತೀರಿಕೊಂಡ ಮೇಲೆ ಅಟ್ಟದಲ್ಲಿ ಬಿಸ್ಕತ್ತಿನ ಡಬ್ಬಿಗಳ ತುಂಬ ನೆಗೆಟಿವ್ ಸಿಕ್ಕವು. ಯಾರ ಹೆಸರೂ ಬರೆದಿರಲಿಲ್ಲ. ನಂದಿನಿ ಶಿವಮೊಗ್ಗದಲ್ಲಿದ್ದ ಕೆಲಸಕ್ಕೆ ರಜೆ ಹಾಕಿ ಬಂದು, ಶೆಡ್ಡಿಗೆ ಸುಣ್ಣ ಹೊಡೆಸಿ, ಬಸ್ಸಿನ ಹಳೇ ಹಾರ್ನು, ಟಿಕೆಟ್ ಮೆಷಿನ್ನು, ಕೊಳಗ, ಸೇರು ಎಲ್ಲ ಜೋಡಿಸಿ, ಗೋಡೆಗಳನ್ನು ಫೋಟೋಗಳಿಗೆ ಬಿಟ್ಟಳು. ಚಳಿಗಾಲ ಮುಗಿಯುವ ತನಕ ತಿಂಗಳಿಗೊಂದು ಪ್ರದರ್ಶನ. ರಾತ್ರಿ ಒಂಬತ್ತರ ಮೇಲೆ ಓಪನಿಂಗ್. ಅಡಿಕೆ ಕೊಯ್ಲಿನ ಕಾಲದಲ್ಲಿ ಹಗಲು ಯಾರು ಬರುತ್ತಾರೆ?

"ಸಂಗೀತ ಇರ್ತದೆ ಸುಮಕ್ಕ. ಡ್ರಿಂಕ್ಸ್ ನಿಮ್ದು" ಎಂದಳು.

"ಎಂತ ಡ್ರಿಂಕ್ಸ್? ಕಷಾಯವಾ?"

"ಕಷಾಯನೂ ಇರ್ಲಿ. ನಿಮ್ಮ ನೇರಳೆ ವೈನ್ ಇದೆಯಲ್ಲ, ಅದು ಮುಖ್ಯ."

ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದುಕೊಂಡೆ. ಆದರೂ ಒಪ್ಪಿದೆ. ನನ್ನ ವೈನನ್ನು ಇಷ್ಟು ಗೌರವದಿಂದ ಯಾರೂ ಕೇಳಿರಲಿಲ್ಲ. ಒಬ್ಬರಿಗೆ ಒಂದೇ ಗ್ಲಾಸು ಎಂದು ಮಾತಾಯಿತು.

ಮೊದಲನೆಯದು ಕಾರ್ತಿಕದಲ್ಲಿ. ಹಳೇ ಬಸ್ಸುಗಳ ಫೋಟೋ. ಓಪನಿಂಗ್ ಎಂದರೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ರಾತ್ರಿಯದು ಎಂದರೆ ಯಕ್ಷಗಾನದ ಆಟದ ಹಾಗೆ ಬೆಳಗಿನ ತನಕ ಇರಬೇಕೆಂದು ಜನ ಕಂಬಳಿ, ಚಾಪೆ, ಎಲೆಯಡಿಕೆ ಹಿಡಿದುಕೊಂಡು ಬಂದರು. ಹನ್ನೊಂದಕ್ಕೆ ನಂದಿನಿ "ಎಲ್ಲರಿಗೂ ಥ್ಯಾಂಕ್ಸ್" ಎಂದಾಗ ಹಿರೇಕೊಡಿಗೆಯ ಪುಟ್ಟೇಗೌಡರು, "ಇದೆಂತ ಮಾರಾಯ್ತಿ, ಪೀಠಿಕೆಗೇ ಮಂಗಳ ಹಾಡ್ತಿಯಲ್ಲ!" ಎಂದರು. ಗೌಡರಿಗೆ ಎಂಬತ್ತರ ಹತ್ತಿರ. ಬಾಯಿಗೆ ಮಾತ್ರ ವಯಸ್ಸಾಗಿರಲಿಲ್ಲ.

ಎರಡನೆಯದರಲ್ಲಿ ಶುರುವಾಯಿತು ನೋಡಿ. ಈ ಸಲ ಸ್ಟುಡಿಯೋದಲ್ಲಿ ಕೂತು ತೆಗೆಸಿಕೊಂಡವರ ಫೋಟೋಗಳು. ಅರ್ಧ ಗೋಡೆಯೆತ್ತರದ ಕಪ್ಪು ಬಿಳುಪು ಮುಖಗಳು. ಬಂದವರು ಗುರುತು ಹಿಡಿದು ಹೆಸರು ಹೇಳಲಿ ಎಂಬುದು ನಂದಿನಿಯ ಆಸೆ. ಬಾಗಿಲಿಗೆ ಹೂವಿನ ಅಲಂಕಾರ ಮಾಡಲು ಹೂವಿನ ಗಿರಿಯಪ್ಪನಿಗೆ ಹೇಳಿ, ಅವಳು ಸಂಗೀತದವರನ್ನು ಕರೆತರಲು ಶೃಂಗೇರಿಗೆ ಹೋದಳು. ಗಿರಿಯಪ್ಪ ಬುಟ್ಟಿ ಇಳಿಸಿ ಒಳಗೆ ಇಣುಕಿದ. ಸಾಲಾಗಿ ಹಳೇ ಫೋಟೋ, ಫ್ರೇಮು, ಮೇಲೊಂದು ದೀಪ. ನಮ್ಮ ಕಡೆಯ ಯಾವ ಮನುಷ್ಯನಾದರೂ ಏನು ತಿಳಿಯುತ್ತಾನೋ ಅವನೂ ಅದನ್ನೇ ತಿಳಿದ. ಬಾಗಿಲಿಗೆ ಎರಡೆಳೆ ಬಿಟ್ಟು, ಉಳಿದ ಸೇವಂತಿಗೆಯನ್ನೆಲ್ಲ ಹಾರ ಮಾಡಿ ಒಂದೊಂದು ಫೋಟೋಗೂ ಹಾಕಿ, ಊದುಬತ್ತಿ ಹಚ್ಚಿ, ಕೈಮುಗಿದು ಹೋದ.

ನಂದಿನಿ ಬಂದು ನೋಡಿ ತಲೆಮೇಲೆ ಕೈ ಹೊತ್ತಳು. ತೆಗೆಯಲು ಸಮಯವಿರಲಿಲ್ಲ, ಜನ ಒಳಗೆ ಬಂದಾಗಿತ್ತು. ಸ್ಯಾಕ್ಸೋಫೋನಿನವರು ಊದಲು ಶುರುಮಾಡಿದ್ದರು. ಅಷ್ಟರಲ್ಲಿ ನಡುಗೋಡೆಯ ಹತ್ತಿರದಿಂದ ಗೌಡರ ದನಿ ಕೇಳಿತು.

"ಅಯ್ಯಯ್ಯೋ! ನಾನು ಸತ್ತಿದ್ದು ನಂಗೇ ಹೇಳ್ಲಿಲ್ಲಲ್ಲ ಮಾರಾಯ!"

ಫೋಟೋದಲ್ಲಿ ದಪ್ಪ ಮೀಸೆಯ ಹರೆಯದ ಗೌಡರು, ಕೊರಳಿಗೆ ಸೇವಂತಿಗೆ. ಕೆಳಗೆ ಕಂಬಳಿ ಹೊದ್ದ ಮುದಿ ಗೌಡರು. ಶೆಡ್ಡೇ ಬಿದ್ದುಹೋಗುವ ಹಾಗೆ ನಗು. ಅವರು ತಮ್ಮ ಹಾರವನ್ನು ತೆಗೆದು ತಂದು ನನ್ನ ಟೇಬಲಿನ ಮೇಲಿಟ್ಟರು. "ತಗ ಸುಮಿತ್ರಮ್ಮ. ಸತ್ತು ಬದುಕಿ ಬಂದೀನಿ. ಇನ್ನೊಂದು ಗ್ಲಾಸ್ ಕೊಡದೆ ಹೆಂಗೆ?"

ಕೊಟ್ಟೆ. ಅಲ್ಲಿಂದ ಅದೇ ಆಟವಾಯಿತು. ಬದುಕಿದ್ದವರೆಲ್ಲ ತಮ್ಮ ತಮ್ಮ ಫೋಟೋ ಹುಡುಕಿ ಹಾರ ತೆಗೆಯುವುದು, ನನ್ನ ಟೇಬಲಿಗೆ ತಂದಿಡುವುದು, ಇನ್ನೊಂದು ಗ್ಲಾಸು ಕುಡಿಯುವುದು. ಅಡ್ಡಗದ್ದೆಯ ಅಜ್ಜಿಯೊಬ್ಬರು ಹಾರವನ್ನು ತಮ್ಮ ಕೊರಳಿಗೇ ಹಾಕಿಕೊಂಡು ಕಷಾಯ ಕುಡಿದರು. ಕಡಹಿನಬೈಲಿನ ಇಬ್ಬರು ಗೆಳೆಯರು ಒಂದೇ ಫೋಟೋದಲ್ಲಿದ್ದರು. ಒಬ್ಬರು ಹೋಗಿ ವರ್ಷವಾಗಿತ್ತು. ಉಳಿದವರು ಹಾರವನ್ನು ಗೆಳೆಯನ ಕಡೆಗೆ ಸರಿಸಿದರು. ಯಾರೋ "ನಮ್ಮ ಚಿಕ್ಕಪ್ಪ ಶಿವಮೊಗ್ಗದಲ್ಲಿ ಗಟ್ಟಿಯಾಗಿದ್ದಾರೆ, ನಾನೇ ತೆಗೀತೀನಿ" ಎಂದಾಗ ಗೌಡರು ಕಾನೂನು ಮಾಡಿದರು. "ಆಗದಿಲ್ಲ. ಬದುಕಿರೋನು ತಾನೇ ಬಂದು ತೆಗೀಬೇಕು. ಬೇರೆಯವ್ರು ತೆಗೆದ್ರೆ ಲೆಕ್ಕಕ್ಕಿಲ್ಲ!"

ನಾನು ಗ್ಲಾಸು ತುಂಬುವುದರಲ್ಲೇ ಇದ್ದೆ. ಗೋಡೆ ನೋಡಲು ಪುರುಸೊತ್ತೆಲ್ಲಿ? ಕಡೇ ಬಸ್ಸನ್ನು ನೋಡಿಕೊಂಡು ಅತ್ತಿಗೆ ಬಂದದ್ದೂ ನನಗೆ ಕಾಣಲಿಲ್ಲ. ಕತ್ತೆತ್ತಿದಾಗ ಕಂಡದ್ದು ಮೂಲೆಯ ಫೋಟೋದ ಮುಂದೆ ಅವರ ಬೆನ್ನು. ಫೋಟೋದಲ್ಲಿ ಅಣ್ಣ.

ಆ ಫೋಟೋವನ್ನು ನಾವು ಯಾರೂ ನೋಡಿರಲಿಲ್ಲ. ಸ್ಟುಡಿಯೋದವರ ಕೋಟು ಹಾಕಿಕೊಂಡು, ಪ್ಲಾಸ್ಟಿಕ್ಕಿನ ಟೆಲಿಫೋನು ಕಿವಿಗಿಟ್ಟುಕೊಂಡು ನಗುತ್ತಿದ್ದ. ಯಾವಾಗ ತೆಗೆಸಿದ್ದನೋ, ಯಾಕೆ ಹೇಳಲಿಲ್ಲವೋ. ಕೊರಳಿಗೆ ದಪ್ಪ ಸೇವಂತಿಗೆ ಹಾರ.

ಅತ್ತಿಗೆ ಹಾರಕ್ಕೆ ಕೈ ಹಾಕಿದರು. ಹಿಂದಿನಿಂದ ಗೌಡರು ಫೋಟೋ ಯಾರದೆಂದು ನೋಡದೆ ಖುಷಿಯಲ್ಲೇ ಕೂಗಿಬಿಟ್ಟರು. "ಲೆಕ್ಕಕ್ಕಿಲ್ಲ ಲಲಿತಮ್ಮ! ಫೋಟೋದಲ್ಲಿರೋರೇ ಬಂದು ತೆಗೀಬೇಕು!"

ಆಮೇಲೆ ನೋಡಿದರು. ಪಾಪ, ಮುಖ ಸುಟ್ಟ ಬದನೆಕಾಯಿಯಾಯಿತು. "ತಪ್ಪಾಯ್ತು ತಾಯಿ, ನಾನು ನೋಡ್ಲಿಲ್ಲ..." ಎಂದರು.

ಅತ್ತಿಗೆ ಕೈ ಇಳಿಸಿದರು. "ಇಲ್ಲ ಗೌಡ್ರೆ. ನೀವು ಹೇಳಿದ್ದೇ ಸರಿ. ಅವ್ರೇ ಬಂದು ತೆಗೀಲಿ." ತಮ್ಮ ಜಡೆಯಲ್ಲಿದ್ದ ಅಬ್ಬಲಿಗೆ ಹೂವಿನ ದಂಡೆಯ ತುಂಡನ್ನು ತೆಗೆದು ಆ ಹಾರಕ್ಕೆ ಸಿಕ್ಕಿಸಿದರು. ಗಿರಿಯಪ್ಪನನ್ನು ಮರುದಿನ ಕರೆದು, "ಬೇರೆಯವಕ್ಕೆ ಬೇಕಾದ್ರೆ ಹೊಸದು ಹಾಕು. ಇದನ್ನ ಮುಟ್ಬೇಡ" ಎಂದು ಹೇಳಿದರು.

ಆ ರಾತ್ರಿ ಶೆಡ್ಡಿನಿಂದ ಬರುವಾಗ ದಾರಿಯಲ್ಲಿ ಅವರೇ ಮಾತು ತೆಗೆದರು.

"ಶಿವರಾತ್ರಿಗೆ ಮುಂಚಿನ ಓಪನಿಂಗೇ ಕಡೇದು ಅಂತಲ್ಲ. ಅಲ್ಲಿ ತನಕ ನೋಡೋದು ಸುಮಿ. ಮೂರು ತಾಲ್ಲೂಕಿಗೂ ಸುದ್ದಿ ಹೋಗ್ತದೆ. ಇದ್ರೆ ಅವ್ರ ಕಿವಿಗೂ ಬೀಳ್ತದೆ."

"ಬೀಳದಿದ್ರೆ?"

"ಅದೇ ಹಾರ ತಂದು ಮನೆ ಫೋಟೋಗೆ ಹಾಕೋದು. ತಿಥಿ ಮಾಡಿಸೋದು. ಮುಗೀತು."

ಇಷ್ಟು ವರ್ಷ ನಾನು ಬೇಡಿಕೊಂಡದ್ದು ಅದನ್ನೇ. ಮುಗಿಯಲಿ ಎಂದು. ಅವರ ಬಾಯಿಂದಲೇ ಬಂದಾಗ ಯಾಕೋ ತಡೆಯಲಾರದ ಅಳು ಬಂತು. ಕತ್ತಲಲ್ಲಿ ಸೆರಗು ಬಾಯಿಗಿಟ್ಟುಕೊಂಡು ನಡೆದೆ.

ಸುದ್ದಿ ನಿಜವಾಗಿಯೂ ಹೋಯಿತು. ನಂದಿನಿ ಮುಂದಿನ ತಿಂಗಳುಗಳಲ್ಲೂ ಅವೇ ಫೋಟೋಗಳನ್ನು ಗೋಡೆಯಲ್ಲಿ ಉಳಿಸಿಕೊಂಡಳು. ಬಾಳೆಹೊನ್ನೂರಿನಿಂದ, ಎನ್.ಆರ್. ಪುರದಿಂದ ಜನ ಹಗಲಲ್ಲೂ ಬಂದು ಹಾರ ತೆಗೆದುಹೋದರು. ಗೋಡೆಯಲ್ಲಿ ಹಾರದೊಳಗೆ ದಿನದಿನಕ್ಕೆ ಸತ್ತವರಷ್ಟೇ ಉಳಿಯುತ್ತ ಬಂದರು. ಸಂಜೆ ಕ್ಯಾಂಟೀನಿಗೆ ಹಾಲು ತರುವ ನೆಪದಲ್ಲಿ ಅತ್ತಿಗೆ ಶೆಡ್ಡಿಗೆ ಹೋಗಿಬರುತ್ತಿದ್ದರು. ಪಾತ್ರೆ ಇಡುವ ಸದ್ದಿನಲ್ಲೇ ಗೊತ್ತಾಗುತ್ತಿತ್ತು, ಹಾರ ಇನ್ನೂ ಅಲ್ಲೇ ಇದೆ ಎಂದು. ಅದು ಒಣಗಿ ಕಂದಿ ಹುಲ್ಲಿನ ಹಗ್ಗವಾಗಿತ್ತು. ಒಂದೊಂದು ರಾತ್ರಿ ಕಣ್ಣು ಮುಚ್ಚಿದರೆ ಆ ನಗುವ ಮುಖ ಬಂದು ನಿಲ್ಲುತ್ತಿತ್ತು, ಕಿವಿಗೆ ಫೋನು ಹಿಡಿದುಕೊಂಡು, ಆ ಕಡೆಯವರು ಇನ್ನೂ ಮಾತು ಮುಗಿಸಿಲ್ಲ ಎಂಬ ಹಾಗೆ.

ಕಡೆಯ ರಾತ್ರಿ ಶೆಡ್ಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಗಿರಿಯಪ್ಪ ಅಣ್ಣನದು ಬಿಟ್ಟು ಉಳಿದ ಫೋಟೋಗಳಿಗೆಲ್ಲ ಅಂದೇ ಕಟ್ಟಿದ ಹಸೀ ಹಾರ ಹಾಕಿದ್ದ. ನೀರು ಚಿಮುಕಿಸಿದ ಸೇವಂತಿಗೆಯ ಘಾಟು, ನೇರಳೆಯ ಹುಳಿ, ಜನರ ಉಸಿರು. ಆ ವಾಸನೆಯೇ ಇಂದಿಗೂ ನನ್ನನ್ನು ಬಿಡದಿರುವುದು. ಅತ್ತಿಗೆ ಮಾತ್ರ ಬಂದಿರಲಿಲ್ಲ. ಬೆಳಿಗ್ಗೆಯೇ ಹೇಳಿದ್ದರು, "ಬರೋದಾದ್ರೆ ಕಡೇ ಬಸ್ಸಿಗೇ ಬರೋದು ಅವ್ರು. ನಾನು ಬಸ್ ನೋಡ್ಕಂಡು ಬರ್ತೀನಿ. ನೀನು ಅಲ್ಲಿರು." ಹೊಸ ಸೀರೆ ಉಟ್ಟಿದ್ದರು.

ಸ್ಯಾಕ್ಸೋಫೋನು ಒಂದು ನಿಧಾನದ ರಾಗ ಹಿಡಿದಿತ್ತು. ಆಗ ಕರೆಂಟು ಹೋಯಿತು. ನಮ್ಮಲ್ಲಿ ಅದೇನು ಹೊಸದಲ್ಲ. ಒಂದಿಬ್ಬರು ಮೊಬೈಲಿನ ಟಾರ್ಚ್ ಹಾಕಿದರು. ನಂದಿನಿ, "ಲೈಟ್ ಬೇಡ, ಹಾಗೇ ಕೇಳಿ" ಎಂದಳು. ಹಾಕಿದವರು ಆರಿಸಿದರು. ಅಷ್ಟು ಜನರಿದ್ದ ಜಾಗದಲ್ಲಿ ಕತ್ತಲೂ ಆ ರಾಗವೂ ಬಿಟ್ಟರೆ ಏನೂ ಇರಲಿಲ್ಲ.

ನನ್ನ ಟೇಬಲಿನ ಮೇಲೆ ಏನೋ ಬಿತ್ತು. ಕೈಯಾಡಿಸಿದೆ. ಹಾರ. ಅದುವರೆಗೆ ಎಲ್ಲರಿಗೂ ಮಾಡುತ್ತಿದ್ದ ತಮಾಷೆಯನ್ನೇ ಮಾಡಿದೆ. "ಯಾರು? ಬದುಕಿದೋರಾ?" ಅಂದಾಜಿನಲ್ಲಿ ಗ್ಲಾಸು ತುಂಬಿ ಮುಂದೆ ಹಿಡಿದೆ. ಬೆರಳುಗಳು ತಾಗಿದವು. ಹೊರಗಿನ ಚಳಿಯಲ್ಲಿ ಬಹಳ ಹೊತ್ತು ನಿಂತು ಬಂದ ಹಾಗೆ ತಣ್ಣಗಿದ್ದವು. ಕುಡಿದ ಸದ್ದು, ಗ್ಲಾಸು ಇಟ್ಟ ಸದ್ದು ಕೇಳಿಸಿತು. ಆಗ ನನ್ನ ಕೈ ಇನ್ನೂ ಆ ಹಾರದ ಮೇಲಿತ್ತು. ಅಂಗೈಯಲ್ಲಿ ಹೂವು ಪುಡಿಯಾಗುತ್ತಿತ್ತು. ಆ ಶೆಡ್ಡಿನಲ್ಲಿ ಒಣಗಿದ ಹಾರ ಇದ್ದದ್ದು ಒಂದೇ.

ಟೇಬಲು ಬಳಸಿ ಆಚೆ ಹೋದೆ, ಯಾರ್ಯಾರದೋ ಮೈಗೆ ಹಾಯ್ದೆ. ಅಷ್ಟರಲ್ಲಿ ಕರೆಂಟು ಬಂತು. ಜನ ಚಪ್ಪಾಳೆ ಹೊಡೆದರು. ಮೂಲೆಯಲ್ಲಿ ಅಣ್ಣ ಬರೀ ಕೊರಳಿನಲ್ಲಿ ನಗುತ್ತಿದ್ದ.

ಬಾಗಿಲಿನ ಕಡೆ ಓಡಿದೆ. ಎದುರಿಗೆ ಅತ್ತಿಗೆ ಬರುತ್ತಿದ್ದರು. "ಬಸ್ಸಲ್ಲಿ ಇರ್ಲಿಲ್ಲ ಸುಮಿ" ಎಂದರು, ಇನ್ನೂ ಏದುಸಿರು. "ಯಾರಾದ್ರೂ ಈ ಕಡೆಯಿಂದ ಹೋದ್ರಾ ಅತ್ತಿಗೆ?" ಎಂದೆ. "ಕತ್ಲಲ್ಲಿ ಎಂತ ಕಾಣ್ತದೆ? ಎರಡು ಮೂರು ಜನ ಹೋದ್ರಪ್ಪ. ಯಾಕೆ?" ಎಂದವರು ನನ್ನ ಮುಖ ನೋಡಿ, ಗೋಡೆ ನೋಡಿದರು. ಮೆಲ್ಲಗೆ ನನ್ನ ಟೇಬಲಿನ ಹತ್ತಿರ ನಡೆದರು. ಅಬ್ಬಲಿಗೆಯ ಒಣ ತುಂಡು ಇನ್ನೂ ಆ ಹಾರಕ್ಕೆ ಸಿಕ್ಕಿಕೊಂಡಿತ್ತು. ಪಕ್ಕದಲ್ಲಿ ಒಂದು ಗ್ಲಾಸು ಬೋರಲು ಬಿದ್ದಿತ್ತು. ಬಿದ್ದಿತ್ತು ಎಂದರೆ ತಪ್ಪಾಗುತ್ತದೆ. ಬೋರಲು ಹಾಕಿ ಇಟ್ಟಿದ್ದರು. ಸುತ್ತ ನೇರಳೆ ಬಣ್ಣದ ಒದ್ದೆ ಬಳೆ.

ನಾನು ಅತ್ತಿಗೆಯ ತೋಳು ಹಿಡಿದುಕೊಂಡೆ. ಅವರು ಬೀಳುತ್ತಾರೆಂದು ಹಿಡಿದದ್ದೋ, ನಾನು ಬೀಳುತ್ತೇನೆಂದೋ, ಗೊತ್ತಿಲ್ಲ. ಅವರು ಕೈ ಚಾಚಿ ಆ ಗ್ಲಾಸನ್ನು ನೆಟ್ಟಗೆ ನಿಲ್ಲಿಸಿದರು.

"ಊರಿಗೆ ಬಂದ್ರು, ನೀರಿಗೆ ಬರ್ಲಿಲ್ಲ" ಎಂದರು. ದನಿಯಲ್ಲಿ ಅಳುವಿರಲಿಲ್ಲ. "ಬದುಕಿದ್ದು ಬಂದಿದ್ರೆ, ನನ್ನ ಮಾತಾಡ್ಸದೆ ಹೋದ್ರು. ಸತ್ತು ಬಂದಿದ್ರೆ, ಹೇಳಿ ಹೋಗೋಕೆ ಬಂದಿದ್ರು. ಎರಡ್ರಲ್ಲಿ ಯಾವ್ದಾದ್ರೂ ಸೈ. ಇನ್ನು ನಾನು ಯಾರನ್ನ ಕಾಯೋದು?"

"ಅತ್ತಿಗೆ, ಯಾರೋ ಕುಡುಕ ಇನ್ನೊಂದು ಗ್ಲಾಸಿಗೋಸ್ಕರ ತೆಗೆದಿರ್ಬಹುದು..."

"ಅದಾದ್ರೂ ಸೈ" ಎಂದರು.

ಮರುದಿನದಿಂದ ನಾನು ವಿಚಾರಿಸದವರಿಲ್ಲ. ಗೌಡರು ದೇವರ ಮೇಲೆ ಆಣೆ ಹಾಕಿದರು. ನಂದಿನಿಗೂ ಗಿರಿಯಪ್ಪನಿಗೂ ಏನೂ ಗೊತ್ತಿಲ್ಲ. ಹಾರ ಕದ್ದು ವೈನು ಕುಡಿದವನು ಇದ್ದರೆ ಈ ಊರಿನಲ್ಲಿ ಒಂದು ವಾರದೊಳಗೆ ಬಾಯಿಬಿಡುತ್ತಿದ್ದ. ಯಾರೂ ಬಿಡಲಿಲ್ಲ. ಗ್ಲಾಸು ಬೋರಲು ಹಾಕುವವರು ಅಣ್ಣನೊಬ್ಬನೇ ಅಲ್ಲ, ನೂರು ಜನ ಇರಬಹುದು. ಹೀಗೆ ನನಗೆ ನಾನೇ ಹೇಳಿಕೊಳ್ಳುತ್ತೇನೆ. ಹೇಳಿಕೊಂಡ ಮೇಲೆ ಆ ತಣ್ಣನೆಯ ಬೆರಳು ನೆನಪಾಗುತ್ತದೆ.

ನಂದಿನಿಯ ರಜೆ ಮುಗಿಯಿತು. ಶೆಡ್ಡಿಗೆ ಮತ್ತೆ ಬೀಗ ಬಿತ್ತು. ಫೋಟೋಗಳನ್ನು ಅವರವರ ಮನೆಯವರು ತೆಗೆದುಕೊಂಡು ಹೋದರು. ಅಣ್ಣನದು ಈಗ ನಮ್ಮ ಕ್ಯಾಂಟೀನಿನಲ್ಲಿ, ಕೈ ತೊಳೆಯುವ ಜಾಗದ ಮೇಲಿದೆ. "ಹಾರ ಹಾಕಿಲ್ಲ?" ಎಂದು ಯಾರಾದರೂ ಕೇಳಿದರೆ ಅತ್ತಿಗೆ, "ಹಾಕಿದ್ವಿ. ಅವ್ರೇ ತೆಗೆದ್ರು" ಎಂದು ಹೇಳಿ ದೋಸೆ ತಿರುವಿ ಹಾಕುತ್ತಾರೆ. ತಿಥಿಯ ಮಾತು ಮತ್ತೆ ಎತ್ತಲಿಲ್ಲ. ಕುಂಕುಮವನ್ನೂ ಬಿಡಲಿಲ್ಲ. ಒಮ್ಮೆ ನಾನು ಅದನ್ನೇ ನೋಡುತ್ತಿದ್ದಾಗ, "ಇದು ನನ್ನ ಹಣೆ ಕಣೆ" ಎಂದರು. ಈಗ ಅವರು ಎಂಟೂವರೆಗೆ ಊಟ ಮಾಡಿ, ಕಾಲಿಗೆ ಎಣ್ಣೆ ಹಚ್ಚಿಕೊಂಡು ಮಲಗುತ್ತಾರೆ. ತಲೆ ದಿಂಬಿಗೆ ಮುಟ್ಟಿದ ಕೂಡಲೇ ನಿದ್ದೆ.

ನಾನು ಹೊರಗೆ ಉಳಿಯುತ್ತೇನೆ. ಟೇಬಲು ಒರೆಸುವುದಿರುತ್ತದೆ, ಲೆಕ್ಕ ನೋಡುವುದಿರುತ್ತದೆ. ಎನ್.ಆರ್. ಪುರದ ಬಸ್ಸು ಬಂದು ನಿಲ್ಲುತ್ತದೆ. ಬೆಳಕು ಹಿಂದಿನಿಂದ ಬೀಳುವುದರಿಂದ ಇಳಿಯುವವರ ಮುಖ ಕಾಣುವುದಿಲ್ಲ. ಕಾಲು ಮಾತ್ರ ಕಾಣುತ್ತದೆ. ಎಡಗಾಲಿನ ಹಿಮ್ಮಡಿ ಸವೆದ ಚಪ್ಪಲಿ ಯಾರದಾದರೂ ಇದೆಯೇ ಎಂದು ನೋಡುತ್ತೇನೆ.

ನಿನ್ನೆ ಒಳಗಿನಿಂದ ಅತ್ತಿಗೆಯ ನಿದ್ದೆಗಣ್ಣಿನ ದನಿ ಬಂತು. "ಬಸ್ಸು ಬಂತಲ್ಲನೆ ಸುಮಿ? ಬಾಗಿಲು ಹಾಕೆ ಮಾರಾಯ್ತಿ, ಚಳಿ ಬರ್ತದೆ."

"ಹಾಕ್ತೀನಿ, ನೀವು ಮಲಗಿ ಅತ್ತಿಗೆ" ಎಂದೆ. ಬಸ್ಸಿನಿಂದ ಇನ್ನೂ ಒಬ್ಬರು ಇಳಿಯುವುದಿತ್ತು.